ಶನಿವಾರದ ಆಟಕ್ಕೆ ಬರುವವರಿಗೆ

ಗೆಳೆಯರೇ, ಈ ಸಲ ಆಟ ಅರಿಜೋನಾದ ಕೇರ್‌ಫ್ರೀಯಲ್ಲಿರುವ ಡೆಸರ್ಟ್ ಫಾರೆಸ್ಟ್ ಗಾಲ್ಫ್ ಕ್ಲಬ್ಬಿನಲ್ಲಿ. ಬೆಳಿಗ್ಗೆ 6.45ಕ್ಕೆ ಗೇಟಿನ ಹತ್ತಿರ ಸೇರೋಣ. ಖಾಸಗಿ ಕ್ಲಬ್, ನಾವು ಅತಿಥಿಗಳು. ಕಾಲರ್ ಇರುವ ಶರ್ಟ್ ಹಾಕಿ, ಫೋನ್ ಸೈಲೆಂಟ್‌ನಲ್ಲಿರಲಿ.

1962ರ ಕೋರ್ಸ್ ಇದು, ವಿನ್ಯಾಸ ರೆಡ್ ಲಾರೆನ್ಸ್ ಅವರದು. ನೆಲದ ಏರಿಳಿತವನ್ನು ಹಾಗೇ ಉಳಿಸಿಕೊಂಡು ಹುಲ್ಲು ಬೆಳೆಸಿದ್ದಾರೆ. ಚೆಂಡು ಬೀಳೋಕೆ ಕೆರೆಗಿರೆ ಇಲ್ಲ, ಸುಲಭ ಅಲ್ವಾ ಅಂದುಕೊಳ್ಳಬೇಡಿ! ಹುಲ್ಲು ದಾಟಿದರೆ ಬರೀ ಕಲ್ಲು, ಕಳ್ಳಿ. ದೂರ ಹೊಡೆಯುವುದಕ್ಕಿಂತ ನೇರ ಹೊಡೆಯಿರಿ.

ಚೋಯಾ ಕಳ್ಳಿಯ ತುಂಡು ಸುಮ್ನೆ ತಾಗಿದರೂ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಕೀಳಬೇಡಿ, ಬಾಚಣಿಗೆಯಿಂದ ಎತ್ತಿ ಎಸೆಯಿರಿ. ಹಳೆಯ ಬಾಚಣಿಗೆಯೊಂದು ಬ್ಯಾಗಿನಲ್ಲಿರಲಿ. ಪೊದೆಗೆ ಹೋದ ಚೆಂಡಿನ ಆಸೆ ಬಿಡಿ, ರ‍್ಯಾಟಲ್‌ಸ್ನೇಕ್ ಎಂಬ ವಿಷದ ಹಾವು ಇರುವ ಜಾಗ. ನೀರು ಜಾಸ್ತಿ ತನ್ನಿ. ಬರುವವರು ಗುರುವಾರದೊಳಗೆ ತಿಳಿಸಿ.