ಕಾಳಿಗೆ ವರ್ಷ ತುಂಬಿತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ನಾಯಿ ಕಾಳಿ ಮನೆಗೆ ಬಂದು ನಿನ್ನೆಗೆ ಒಂದು ವರ್ಷ. ಫೋಟೊ ಹಾಕಿ ಸುಮ್ನಾಗೋಣ ಅಂದುಕೊಂಡಿದ್ದೆ, ಆದರೆ ಅವಳನ್ನು ಉಳಿಸಿದವರಿಗೆ ಒಂದು ಮಾತೂ ಹೇಳಿಲ್ಲ ಅಂತ ನೆನಪಾಯಿತು.

ಬೀದಿಯ ಮರಳು ರಾಶಿ ಮೇಲೆ ಸಿಕ್ಕಿದ ಕಂದು ಮರಿ ಅದು. "ಹೆಸರು ಗಿಸರು ಇಡಬೇಡ, ಹೆಸರಿಟ್ಟರೆ ಇಲ್ಲೇ ಉಳಿದುಬಿಡುತ್ತೆ" ಅಂತ ಅಮ್ಮ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಒಂಬತ್ತು ದಿನ ಬರೀ "ಮರಿ". ಹತ್ತನೇ ದಿನ ಬೆಳಿಗ್ಗೆ ವಾಂತಿ, ಸಂಜೆಗೆ ರಕ್ತಭೇದಿ. ಪಾರ್ವೋ, ನಾಯಿಮರಿಗಳ ಜೀವ ತೆಗೆಯೋ ವೈರಸ್ ಕಾಯಿಲೆ. ಲಸಿಕೆಯನ್ನು ಮುಂದಿನ ಭಾನುವಾರಕ್ಕೆ ತಳ್ಳಿದ್ದು ನಾನೇ, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ರಾತ್ರಿ ಹನ್ನೊಂದಕ್ಕೆ ಶಟರ್ ತೆಗೆದ ಡಾಕ್ಟರ್ ಮೇಡಂ, ನಿಮಗೆ ಮೊದಲ ನಮಸ್ಕಾರ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ನನ್ನ ಹತ್ತಿರ ಇಲ್ಲ, ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿಗೆ ಹೋರಾಡೋಕೆ ಟೈಮ್ ಕೊಡೋಣ ಅಂದಿರಿ. ಸುಳ್ಳು ಧೈರ್ಯ ಹೇಳಲಿಲ್ಲ, ಅದೇ ಧೈರ್ಯವಾಯಿತು. ಕಡ್ಡಿಯಂಥ ಮುಂಗಾಲಲ್ಲಿ ನರ ಸಿಗದೆ ಮೂರು ಸಲ ಹುಡುಕಿದ ಕಾಂಪೌಂಡರ್ ಅಣ್ಣ, ಕೊನೆಗೆ ಸೂಜಿ ಕೂತ ಮೇಲೆ ಚೀಟಿ ತೆಗೆದು "ಹೆಸರು?" ಅಂತ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅಪ್ಪ "ಕಾಳಿ ಅಂತ ಬರ್ಕೊಳ್ಳಿ" ಅಂದರು.

ಅಪ್ಪ ಮದ್ದೂರು ಕಡೆಯವರು. ಆತಕೂರು ಶಾಸನ ಅಲ್ಲಿಯದೇ, ಕ್ರಿ.ಶ. 949-50ರದ್ದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧ ಮುಗಿದ ಮೇಲೆ ಮಣಲೇರ ಅನ್ನೋ ವೀರ ರಾಜನ ಹತ್ತಿರ ಬೇಡಿಕೊಂಡಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಕಾಡುಹಂದಿ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ನಾಯಿ ಹಂದಿ ಎರಡೂ ಮುಖಾಮುಖಿ ನಿಂತಿವೆ.

ಅಮ್ಮನಿಗೆ ಕೋಪ. ಸಾಯೋ ಹಾಗಿರೋ ಮರಿಗೆ ಸತ್ತ ನಾಯಿ ಹೆಸರಾ? ಅದೂ ದೇವರ ಹೆಸರು, ನಾಳೆ ಬೈಯೋದು ಹೇಗೆ? ಅಪ್ಪ ತಣ್ಣಗೆ "ಹೆಸರಿಟ್ಟರೆ ಉಳಿಯುತ್ತೆ ಅಂದವಳು ನೀನೇ ಅಲ್ವಾ" ಅಂದರು. ಅಮ್ಮ ಆಮೇಲೆ ಮಾತಾಡಲಿಲ್ಲ. ಐದು ದಿನವೂ ಡ್ರಿಪ್ ಬಾಟಲಿ ಪಕ್ಕ ಕೂತು "ಕಾಳವ್ವ, ಕಣ್ಣು ಬಿಡೇ" ಅಂತಿದ್ದವರು ಅವರೇ.

ಮೂಲೆ ಮನೆ ಅಜ್ಜಿ, ವಾಂತಿ ನಿಂತ ದಿನ ನೀವು ತಂದ ಗಂಜಿಯನ್ನು ಅವಳು ನಾಲ್ಕು ಸಲ ನೆಕ್ಕಿದಳು, ನಾನು ಎಣಿಸಿದ್ದೇನೆ. ಬ್ಲೀಚಿಂಗ್ ಪೌಡರ್ ಹಾಕಿ ಅಂಗಳ ತೊಳೆದುಕೊಟ್ಟ ಪಕ್ಕದ ಮನೆ ಹುಡುಗರು, ಬ್ರೂನೋ ಟೈಗರ್ ಅಂತ ಹೆಸರು ಕಳಿಸುತ್ತಲೇ ದಿನಾ ಫೋನ್ ಮಾಡಿದ ಫ್ರೆಂಡ್ಸ್, ಎಲ್ಲರಿಗೂ ಥ್ಯಾಂಕ್ಸ್. "ಕಪ್ಪಗಿಲ್ಲವಲ್ಲ, ಯಾಕೆ ಕಾಳಿ?" ಅಂತ ಈಗಲೂ ಕೇಳುವವರಿಗೆ ಮೇಲಿನ ಕಥೆಯೇ ಉತ್ತರ, ಇನ್ನು ಕೇಳಬೇಡಿ. ಅಮ್ಮ ಬೈಯುವ ದಾರಿಯನ್ನೂ ಕಂಡುಕೊಂಡಿದ್ದಾರೆ. ಚಪ್ಪಲಿ ಕಚ್ಚಿದ ದಿನ ಮಾತ್ರ ಅವಳು "ನಾಯಿ".

ಆ ರಾತ್ರಿ ಆಟೊ ಓಡಿಸಿದ ಅಣ್ಣ, ನಿಮ್ಮ ಹೆಸರೂ ಕೇಳಲಿಲ್ಲ ನೋಡಿ. ಸೀಟೆಲ್ಲ ಹಾಳಾದರೂ ಬೈಯದೆ ಹೆಗಲ ಮೇಲಿನ ಟವೆಲ್ ತೆಗೆದು ಮರಿಗೆ ಸುತ್ತಿಕೊಟ್ಟಿರಿ. ಒಗೆದು ಇಟ್ಟಿದ್ದೇನೆ. ಒಂದು ಮೂಲೆ ಮಾತ್ರ ಕಾಳಿ ಬಾಯಿಗೆ ಹೋಗಿದೆ, ಹೊಸದು ತಂದುಕೊಡುತ್ತೇನೆ, ಒಮ್ಮೆ ಮನೆ ಕಡೆ ಬನ್ನಿ.