ಹೂವಿನಕ್ಕನಿಗೆ, ನಿಮ್ಮೆಲ್ಲರಿಗೆ

ಚಿತ್ರಕಲಾ ಪರಿಷತ್ತಿನಲ್ಲಿ ನಮ್ಮ ಕೌದಿ ಪ್ರದರ್ಶನ ಭಾನುವಾರ ಮುಗಿಯಿತು. ಕೌದಿಗಳನ್ನೆಲ್ಲ ಗೋಡೆಯಿಂದ ಇಳಿಸಿ, ಮಡಚಿ, ಬಸವನಗುಡಿಯ ಮನೆಗೆ ತಂದಿದ್ದೇನೆ. ಟೊರಾಂಟೊಗೆ ಹೊರಡುವ ಮೊದಲು ಇದನ್ನು ಬರೆಯಲೇಬೇಕು.

1998ರಲ್ಲಿ ಬೆಂಗಳೂರು ಬಿಟ್ಟಾಗ ನನ್ನ ಕೈಯಲ್ಲಿ ಚಿತ್ರಕಲೆಯ ಡಿಪ್ಲೊಮಾ ಇತ್ತು. ಅಲ್ಲಿ ಕೆಲಸ ಕೇಳಿ ಹೋದಲ್ಲೆಲ್ಲ ಒಂದೇ ಪ್ರಶ್ನೆ: 'ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?' ಅಂದರೆ, ಕೆನಡಾದಲ್ಲೇ ಕೆಲಸ ಮಾಡಿದ ಅನುಭವ. ಹೊಸದಾಗಿ ಬಂದವರ ಹತ್ತಿರ ಅದು ಎಲ್ಲಿಂದ ಬರಬೇಕು? ಹಾಗೆ ಕಡ್ಡಾಯ ಮಾಡುವುದು ತಾರತಮ್ಯ ಎಂದು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2013ರಲ್ಲಿ. ಅಷ್ಟರಲ್ಲಿ ನನ್ನ 15 ವರ್ಷ ಕಳೆದಿತ್ತು. ಆ ವರ್ಷಗಳಲ್ಲೇ ವಲಸೆ ಬಂದ ಹೆಂಗಸರ ಜೊತೆ ಕೂತು ಹೊಲಿಯಲು ಶುರು ಮಾಡಿದೆ. ಕೈಯಲ್ಲಿ ಸೂಜಿ ಇದ್ದರೆ ಮಾತು ಸುಮ್ನೆ ಬರುತ್ತದೆ. ವೀಸಾ ಅರ್ಜಿ, ಬಾಡಿಗೆ ಜಗಳ, ಮನೆಯೊಳಗೆ ತಿಂದ ಏಟು, ಎಲ್ಲ ಆ ಬಟ್ಟೆಯ ಸುತ್ತ ಕೂತೇ ಹೊರಬಂತು. ಅದನ್ನೇ ಹೊಲಿದೆ, ಅದನ್ನೇ ಬರೆದೆ, ಅದಕ್ಕಾಗಿಯೇ ಕಚೇರಿಗಳಿಗೆ ಅಲೆದೆ. ಇವು ಬೇರೆ ಬೇರೆ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಕೌದಿ ಕಲಿಸಿದ್ದು ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು. ಅವರ ಹಿರಿಯರೂ ಕಡಲು ದಾಟಿ ಆಫ್ರಿಕಾದಿಂದ ಬಂದವರು. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು ಇಡುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾಗಲ್ಲ. ಅವರಿಗೆ, ಟೊರಾಂಟೊದ ಹೊಲಿಗೆ ಬಳಗಕ್ಕೆ, ಪರಿಷತ್ತಿನ ಸಿಬ್ಬಂದಿಗೆ, ರಾತ್ರಿ ಹನ್ನೊಂದರವರೆಗೆ ಏಣಿ ಹಿಡಿದ ಹುಡುಗರಿಗೆ ನನ್ನ ನಮಸ್ಕಾರ.

ಇನ್ನು ಹೂವಿನಕ್ಕ. ಹೆಸರು ಹಾಕಬೇಡಿ ಅಂದಿದ್ದಾರೆ. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದಾರೆ, ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾರೆ.

ಅಮ್ಮನ ಕಾಯಿಲೆ ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಆ ಕೊನೆಯ ರಾತ್ರಿ ಮರುದಿನ ವರಮಹಾಲಕ್ಷ್ಮಿ ಹಬ್ಬ. ಹೂವು ಮಾರುವವರಿಗೆ ಅದೆಂಥ ರಾತ್ರಿ ಅಂತ ಬೆಂಗಳೂರಿನವರಿಗೆ ಹೇಳಬೇಕಾ? ಮಲ್ಲಿಗೆ, ಕನಕಾಂಬರದ ರೇಟು ಮುಗಿಲಿಗೇರಿರುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರಲ್ಲ. ಅಕ್ಕ ಮಾರುಕಟ್ಟೆಗೆ ಹೋಗಲಿಲ್ಲ. ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಅಮ್ಮನ ಕಿವಿಗೆ ಫೋನ್ ಹಿಡಿದರು. ಇಲ್ಲಿ ಬೆಳಗಿನ ಜಾವ 3 ಗಂಟೆ, ಅಲ್ಲಿ ಸಂಜೆ 5.30. ನಾನು ಹೊಲಿಗೆ ಕೋಣೆಯ ಹೊರಗೆ ಮೆಟ್ಟಿಲ ಮೇಲೆ ಕೂತು ಏನೇನೋ ಮಾತಾಡಿದೆ. ಅಮ್ಮ ಓಗೊಡಲಿಲ್ಲ. "ಮಾತಾಡ್ತಾ ಇರಿ, ಕೇಳಿಸ್ತಿದೆ ಅವರಿಗೆ, ಬೆರಳು ಅಲ್ಲಾಡಿಸ್ತಿದಾರೆ" ಅಂತ ಅಕ್ಕ ಹೇಳುತ್ತಲೇ ಇದ್ದರು. ಬೆರಳು ನಿಜವಾಗಿ ಅಲ್ಲಾಡಿತಾ? ಇವತ್ತಿನವರೆಗೆ ಕೇಳಿಲ್ಲ. ಕೇಳುವುದೂ ಇಲ್ಲ.

ಇಷ್ಟು ವರ್ಷ ಯಾರ್ಯಾರದೋ ತಾಯಂದಿರನ್ನು ಕರೆಸಿಕೊಳ್ಳಲು ಅರ್ಜಿ ತುಂಬಿಕೊಟ್ಟೆ. ನನ್ನ ಅಮ್ಮನ ಹತ್ತಿರ ನಾನಿರಲಿಲ್ಲ.

ಅಕ್ಕ ಇದ್ದರು.

ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ಎಲ್ಲರೂ ಅಂದಾಗ, ಅಕ್ಕ ಅಮ್ಮ ಜಾಸ್ತಿ ಉಡುತ್ತಿದ್ದ ಐದನ್ನು ನುಸಿಗುಳಿಗೆ ಹಾಕಿ ನನಗೆ ಎತ್ತಿಟ್ಟಿದ್ದರು. ಪ್ರದರ್ಶನದ ನಡುಗೋಡೆಯ ಕೌದಿ ಆ ಸೀರೆಗಳದ್ದೇ. ಮೂರು ಮೂಲೆಗೆ ನಾನು ಹೂವು ಹೊಲಿದೆ. ನಾಲ್ಕನೆಯದನ್ನು ಅಕ್ಕ ಹೊಲಿದರು, ಅಂಗಡಿಯಲ್ಲೇ ಕೂತು, ನಡುನಡುವೆ ಗಿರಾಕಿಗಳಿಗೆ ಮೊಳ ಹಾಕಿ ಕೊಡುತ್ತಾ.

ಮೊದಲ ದಿನ ಅವರು ಬಂದಾಗ ಭಾಷಣ ನಡೆಯುತ್ತಿತ್ತು. ಕೌದಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಅಮ್ಮನ ಸೀರೆ ಮೇಲೆ ಇಷ್ಟೊಂದು ಲೈಟ್ ಬಿಟ್ಟಿದೀರಲ್ಲ, ಬಣ್ಣ ಹೋಗಲ್ವಾ?"

ಹೋಗುತ್ತದೆ. ಹಳೆಯ ಬಟ್ಟೆಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ರೂಢಿ. ನನಗೆ ಗೊತ್ತಿತ್ತು, ಗಡಿಬಿಡಿಯಲ್ಲಿ ಮರೆತಿದ್ದೆ. ಅವತ್ತೇ ಎರಡು ದೀಪ ಆರಿಸಿದೆವು. ಕೊನೆಯ ದಿನದವರೆಗೂ ಆ ಗೋಡೆಗೆ ಮಂದ ಬೆಳಕೇ ಇತ್ತು.