ಬೆಳದಿಂಗಳೂ ಕರೆಂಟ್ ಬಿಲ್ಲೂ

ತಮ್ಮಾ,

ನೀನು ಕಳಿಸಿದ 12 ಪದ್ಯಗಳನ್ನೂ ಓದಿದೆ. ಚೆನ್ನಾಗಿವೆ ಅಂತ ಸುಮ್ನೆ ಹೇಳಿಬಿಡಬಹುದು. ನೀನು ಕೇಳಿದ್ದು ಅದಲ್ಲ, ಅಲ್ವಾ? ಒಂಬತ್ತರಲ್ಲಿ ಚಂದ್ರ ಇದ್ದಾನೆ. ನೀನು ದಿನಾ ದುಡಿಯುವ ಬಸ್ ಡಿಪೊ ಒಂದರಲ್ಲೂ ಇಲ್ಲ.

ನನಗೂ ಇದೇ ರೋಗ ಇತ್ತು. ಮೊದಲು ಬಡಗಿಯೊಬ್ಬರ ಕೈಕೆಳಗಿದ್ದೆ, ಆಮೇಲೆ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದೆ, ಕೊನೆಗೆ 34 ವರ್ಷ ಲೈನ್‌ಮನ್. ಏಣಿ, ಹಗ್ಗ ಹೊತ್ತು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಶರಾವತಿ ಹಿನ್ನೀರಿನಾಚೆ ತುಮರಿ ಕಡೆಗೆ ಹೋಗುತ್ತಿದ್ದೆವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲೇ ಮುಗಿದಿತ್ತು. ಕರೆಂಟು ಊರೂರಿಗೆ ಹೋಯಿತು. ಮುಳುಗಡೆಯಾದವರ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಚಿಮಣಿ ಬುಡ್ಡಿಯೇ ಉರಿಯಿತು. ಅಂಥ ಮನೆಗೆ ತಂತಿ ಎಳೆದು ಬಂದ ರಾತ್ರಿ ನಾನು ಬರೆಯುತ್ತಿದ್ದದ್ದು ಏನು ಗೊತ್ತಾ? ಬೆಳದಿಂಗಳು!

1990ರ ದಶಕದಲ್ಲಿ ಸಾಕ್ಷರತಾ ಆಂದೋಲನಕ್ಕೆ ಸಂಜೆ ಪಾಠ ಹೇಳಲು ಹೋಗುತ್ತಿದ್ದೆ. ಸಂಬಳ ಇಲ್ಲ, ಒಂದು ಲೋಟ ಕಷಾಯ. ಅಲ್ಲೊಬ್ಬ ಅಜ್ಜಿ ಅಆಇಈ ಬೇಡವೇ ಬೇಡ ಅಂದಳು. "ಮೊದ್ಲು ಈ ಬಿಲ್ಲು ಓದೋದು ಹೇಳ್ಕೊಡು. ತಿಂಗ್ಳಿಗೆ ಎಷ್ಟು ಕೊಡ್ತಿದೀನಿ ಅಂತ ನಂಗೇ ಗೊತ್ತಿಲ್ಲ." ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿಯುತ್ತಿತ್ತು. ಒಂದು ದಿನ ಜಂಬದಿಂದ ನನ್ನ ಪದ್ಯ ಓದಿದೆ. ಪೂರ್ತಿ ಕೇಳಿ ಅಂದಳು: "ಬೆಳದಿಂಗಳಿದ್ರೆ ನಿನ್ನ ಯಾರು ಕರೀತಾರೆ ಮಾರಾಯಾ? ನೀ ಬರೋದು ಕತ್ಲಾದಾಗ."

ಆಮೇಲೆ ಫ್ಯೂಸು, ತಂತಿಗೆ ತಂತಿ ಸೇರಿಸುವ ಜಂಪರು, ತಂತಿ ಮೇಲೆ ಬಿದ್ದ ಮರ, ಎಲ್ಲ ನನ್ನ ನೋಟ್‌ಬುಕ್ಕಿಗೆ ಬಂದವು. ಎಲ್ಲವೂ ಪದ್ಯವಾಗಲಿಲ್ಲ ಅನ್ನು. ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದಿದೆ ಕೆಲಸ ಮಾಡಿ ಅನ್ನುವ ಒಪ್ಪಿಗೆ, ಸಿಕ್ಕರೂ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡದೆ ಅದಕ್ಕೆ ಕೈ ಹಾಕಬಾರದು. ಒಂದು ಸಲ ಫೋನಿನ ಮಾತು ನಂಬಿ ಹಾಕಿದೆ. ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅದನ್ನು ಬರೆಯಲು ಆರು ವರ್ಷ ಹಿಡಿಯಿತು. ಆಗಿದ್ದು ನಾಲ್ಕೇ ಸಾಲು.

ಕೆಲಸ ಬಿಟ್ಟು ಬರೆಯಲಾ ಅಂತ ಕೇಳಿದ್ದೀಯ. ಬೇಡ. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರಾಗಿದ್ದರು. ಅಂಬಿಗರ ಚೌಡಯ್ಯನಂತೂ ಕಸುಬಿನ ಹೆಸರನ್ನೇ ವಚನದ ಅಂಕಿತಕ್ಕೆ ಸೇರಿಸಿಕೊಂಡ. (ನಿಮ್ಮಮ್ಮನ ಔಷಧಿಗೆ ಪದ್ಯ ದುಡ್ಡು ಕೊಡಲ್ಲ, ಅದೂ ಒಂದು.)

ರಾತ್ರಿ ಪಾಳಿಯಲ್ಲಿ ಬಸ್ಸು ಗುಡಿಸುವವರಿಗೆ ಸೀಟಿನ ಕೆಳಗೆ ಏನೇನು ಸಿಗುತ್ತೆ ಅಂತ ಹೋದ ಸಲ ನೀನು ಒಂದು ಗಂಟೆ ಹೇಳಿದ್ದೆ. ಅದು ಈ ಹನ್ನೆರಡರಲ್ಲಿ ಎಲ್ಲಿದೆ? ಹದಿಮೂರನೆಯದನ್ನು ಕಳಿಸು.